ಸಿಸಿ ಕ್ಯಾಮೆರಾ ಉಂಟು, ಮುಖದ ಗುರುತು ಸಿಗ್ತದಾ? ವಿಧಾನಸಭೆಯ ಎಐ ಕ್ಯಾಮೆರಾದಿಂದ ಊರಿನ ಸೊಸೈಟಿವರೆಗೆ ತಿಳಿದಿರಬೇಕಾದ ಲೆಕ್ಕಾಚಾರ

ಬೆಳ್ತಂಗಡಿ: 2023ರ ಜುಲೈ 7. ವಿಧಾನಸೌಧದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಬಜೆಟ್ ಮಂಡಿಸುವ ದಿನ. ಬಾಗಿಲು ಬಾಗಿಲಿಗೂ ಪೊಲೀಸರು, ಮಾರ್ಷಲ್‌ಗಳು, ಸಾಲದ್ದಕ್ಕೆ ಕ್ಯಾಮೆರಾಗಳು. ಅಷ್ಟಿದ್ದೂ ಶಾಸಕರೇ ಅಲ್ಲದ ಒಬ್ಬ ಹಿರಿಯ ವ್ಯಕ್ತಿ ಸೀದಾ ಸದನದ ಒಳಗೆ ಹೋಗಿ, ದೇವದುರ್ಗ ಶಾಸಕಿಯ ಆಸನದಲ್ಲಿ ಸುಮಾರು ಕಾಲು ಗಂಟೆ ಕುಳಿತಿದ್ದರು. ಸಂಶಯ ಬಂದದ್ದು ಯಂತ್ರಕ್ಕಲ್ಲ, ಅಲ್ಲೇ ಇದ್ದ ಇನ್ನೊಬ್ಬ ಶಾಸಕರಿಗೆ. ಅವರು ಸ್ಪೀಕರ್ ಗಮನಕ್ಕೆ ತಂದ ಮೇಲೆಯೇ ಆ ವ್ಯಕ್ತಿಯನ್ನು ಹೊರಗೆ ಕರೆದುಕೊಂಡು ಹೋದದ್ದು. ಹೊಸ ವಿಧಾನಸಭೆ ರಚನೆಯಾಗಿ ಎರಡು ತಿಂಗಳೂ ಆಗಿರಲಿಲ್ಲ, ಎಷ್ಟೋ ಶಾಸಕರು ಹೊಸಬರು. ಬಾಗಿಲಲ್ಲಿದ್ದವರಿಗೆ ಎಲ್ಲರ ಮುಖ ಪರಿಚಯ ಇರಲಿಲ್ಲ.

ಮರು ವರ್ಷ, 2024ರ ಜುಲೈ ಅಧಿವೇಶನದ ಹೊತ್ತಿಗೆ, ನಮ್ಮ ಜಿಲ್ಲೆಯವರೇ ಆದ ಸ್ಪೀಕರ್ ಯು.ಟಿ. ಖಾದರ್ ಸದನದ ಪ್ರವೇಶದ್ವಾರದಲ್ಲಿ ಎಐ ಕ್ಯಾಮೆರಾ ವ್ಯವಸ್ಥೆ ತಂದರು. ಶಾಸಕರು ಎಷ್ಟು ಗಂಟೆಗೆ ಒಳಗೆ ಬಂದರು, ಯಾವಾಗ ಹೊರಗೆ ಹೋದರು, ಒಟ್ಟು ಎಷ್ಟು ಹೊತ್ತು ಸದನದಲ್ಲಿದ್ದರು ಎಂಬುದನ್ನು ಮುಖ ನೋಡಿಯೇ ದಾಖಲಿಸುವ ವ್ಯವಸ್ಥೆ ಅದು. ಅದಕ್ಕೆ ಮೊದಲು ಬೇಗ ಬಂದ ಶಾಸಕರ ಹೆಸರು ಓದಿ ಮೆಚ್ಚುವ ಪದ್ಧತಿ ಇತ್ತು. ಬೇಗ ಬಂದು ಬೇಗ ಹೋಗುವವರಿಗೂ, ತಡವಾಗಿ ಬಂದು ಕೊನೆವರೆಗೆ ಕೂರುವವರಿಗೂ ನ್ಯಾಯ ಸಿಗಬೇಕು ಎಂಬ ಮಾತು ಬಂದಾಗ ಕ್ಯಾಮೆರಾ ಲೆಕ್ಕಕ್ಕೆ ಇಳಿಯಿತು.

ಬೆಂಗಳೂರಿನ ಈ ಕಥೆಗೂ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಗೂ ಏನು ಸಂಬಂಧ? ಸಂಬಂಧ ಇದೆ. ಸೊಸೈಟಿಯ ಚಿನ್ನದ ಕೋಣೆ, ಬ್ಯಾಂಕ್ ಲಾಕರ್, ಕಾಲೇಜು ಹಾಸ್ಟೆಲ್, ಪೊಲೀಸ್ ಠಾಣೆ, ದೇವಸ್ಥಾನದ ಸರತಿ ಸಾಲು, ಎಲ್ಲ ಕಡೆ ಈಗ ಕ್ಯಾಮೆರಾ ಉಂಟು. ಆದರೆ ಒಂದು ಕಳ್ಳತನವೋ ಜಗಳವೋ ಆದ ಮೇಲೆ ಹೆಚ್ಚಾಗಿ ಕೇಳಿಬರುವ ಮಾತು ಒಂದೇ: "ಕ್ಯಾಮೆರಾ ಉಂಟಲ್ಲ ಮಾರಾಯ್ರೇ, ಮತ್ತೆ ಮುಖ ಯಾಕೆ ಕಾಣೋದಿಲ್ಲ?" ಇಲ್ಲವೇ, "ಅಷ್ಟು ಹಿಂದಿನದು ಡಿಲೀಟ್ ಆಗಿದೆ." ಇವೆರಡೂ ಹಣೆಬರಹ ಅಲ್ಲ. ಮೊದಲೇ ಲೆಕ್ಕ ಹಾಕಿದರೆ ಎರಡನ್ನೂ ತಪ್ಪಿಸಬಹುದು.

ನೋಡುವುದು, ಹಿಂಬಾಲಿಸುವುದು, ಗುರುತಿಸುವುದು

ಕ್ಯಾಮೆರಾ ವ್ಯವಸ್ಥೆ ಮಾಡುವ ಕೆಲಸ ಮೂರು. ಮೂರನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಗೊಂದಲ ಶುರುವಾಗುವುದು.

ಮೊದಲನೆಯದು ನೋಡುವುದು. ಅಲ್ಲಿ ಯಾರೋ ಇದ್ದಾರೆ, ಬಾಗಿಲು ತೆರೆಯಿತು, ಸಾಲಿನಲ್ಲಿ ಇಷ್ಟು ತಲೆ ಇದೆ ಎನ್ನುವಷ್ಟು. ಯಾರು ಎಂಬುದು ಇಲ್ಲಿ ಮುಖ್ಯ ಅಲ್ಲ.

ಎರಡನೆಯದು ಹಿಂಬಾಲಿಸುವುದು. ಗೇಟಿನಲ್ಲಿ ಕಂಡ ವ್ಯಕ್ತಿಯೇ ಮೆಟ್ಟಿಲಲ್ಲಿ ಕಂಡದ್ದಾ, ಅವನೇ ಎರಡನೇ ಮಹಡಿಯ ಓಣಿಗೆ ಹೋದದ್ದಾ ಎಂದು ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಕೊಂಡಿ ಹಾಕುವುದು. ಇದಕ್ಕೆ ಮುಖವೇ ಬೇಕೆಂದಿಲ್ಲ. ಅಂಗಿಯ ಬಣ್ಣ, ಬ್ಯಾಗು, ಎತ್ತರ, ನಡಿಗೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಬರಲು ಹಿಡಿದ ಸಮಯ, ಇಷ್ಟರಿಂದ ಸಾಫ್ಟ್‌ವೇರ್ ಅಂದಾಜು ಮಾಡುತ್ತದೆ. ಆದರೆ ಆ ವ್ಯಕ್ತಿ ಅಂಗಿ ಬದಲಾಯಿಸಿದರೆ, ಕೊಡೆ ಹಿಡಿದರೆ ಕೊಂಡಿ ತಪ್ಪಬಹುದು.

ಮೂರನೆಯದು ಗುರುತಿಸುವುದು. ಈ ಮುಖ ಇಂಥವರದ್ದು ಎಂದು ಹೆಸರು ಹೇಳುವುದು. ಇದರಲ್ಲಿಯೂ ಎರಡು ವಿಧ. ವಿಮಾನ ನಿಲ್ದಾಣದ ಡಿಜಿಯಾತ್ರಾ ಒಂದು ವಿಧ. 2022ರ ಡಿಸೆಂಬರ್ 1ರಂದು ಬೆಂಗಳೂರು, ದೆಹಲಿ, ವಾರಾಣಸಿಯಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಪ್ರಯಾಣಿಕರೇ ಮುಂಚೆ ಫೋಟೋ ಕೊಟ್ಟು, ಗೇಟಿನಲ್ಲಿ ಮುಖ ತೋರಿಸುತ್ತಾರೆ. "ಟಿಕೆಟ್ ಮಾಡಿಸಿದವರೇ ಬಂದಿದ್ದಾರಾ?" ಎಂಬುದಷ್ಟೇ ಪ್ರಶ್ನೆ. ಇನ್ನೊಂದು ವಿಧದಲ್ಲಿ ಹಾದುಹೋಗುವವರ ಮುಖ ತೆಗೆದುಕೊಂಡು, ಪಟ್ಟಿಯಲ್ಲಿರುವ ಸಾವಿರಾರು ಮುಖಗಳ ಜೊತೆ ಹೋಲಿಸಿ "ಇವರು ಯಾರು?" ಎಂದು ಹುಡುಕಬೇಕು. ಇದು ಕಷ್ಟದ ಕೆಲಸ, ತಪ್ಪು ಹೆಚ್ಚಾಗುವುದೂ ಇಲ್ಲೇ.

ವಿಧಾನಸಭೆಗೆ ಇದು ಸುಲಭ. ಪಟ್ಟಿಯಲ್ಲಿ ಇರುವುದು 224 ಶಾಸಕರು. ಎಲ್ಲರ ಫೋಟೋ ಕೈಯಲ್ಲಿದೆ, ಬಾಗಿಲು ನಿಗದಿತ, ಬೆಳಕು ಒಳ್ಳೆಯದು, ಯಾರೂ ಮುಖ ಮುಚ್ಚಿಕೊಂಡು ಬರುವುದಿಲ್ಲ. ಅದೇ ಯಂತ್ರವನ್ನು ಜಾತ್ರೆಯ ಗದ್ದೆಯಲ್ಲಿ ಇಟ್ಟರೆ ಅದೇ ಫಲಿತಾಂಶ ಬರಬೇಕೆಂದಿಲ್ಲ.

ಯಂತ್ರ ಮುಖವನ್ನು ಹೇಗೆ ಓದುತ್ತದೆ?

ಯಂತ್ರ ನಾವು ನೋಡಿದ ಹಾಗೆ ಮುಖ ನೋಡುವುದಿಲ್ಲ. ಮೊದಲು ಚಿತ್ರದಲ್ಲಿ ಮುಖ ಎಲ್ಲಿದೆ ಎಂದು ಹುಡುಕುತ್ತದೆ. ಕಣ್ಣು, ಮೂಗು, ಬಾಯಿಯ ಜಾಗ ನೋಡಿ ಓರೆ ಇದ್ದ ಮುಖವನ್ನು ನೇರ ಮಾಡಿಕೊಳ್ಳುತ್ತದೆ. ಆಮೇಲೆ ಆ ಮುಖವನ್ನು ಸಂಖ್ಯೆಗಳ ಒಂದು ಉದ್ದ ಸಾಲಾಗಿ ಬದಲಾಯಿಸುತ್ತದೆ. ಒಂದೇ ವ್ಯಕ್ತಿಯ ಎರಡು ಫೋಟೋದ ಸಾಲುಗಳು ಹತ್ತಿರ ಹತ್ತಿರ ಇರುತ್ತವೆ, ಬೇರೆಯವರದ್ದು ದೂರ ಇರುತ್ತವೆ.

ಹಾಗಾಗಿ ಯಂತ್ರ ಕೊಡುವ ಉತ್ತರ "ಹೌದು" ಅಥವಾ "ಅಲ್ಲ" ಎಂದಲ್ಲ, ಒಂದು ಅಂಕ. ಎಷ್ಟು ಅಂಕ ಬಂದರೆ "ಇವನೇ" ಎಂದು ಒಪ್ಪಬೇಕು ಎಂಬ ಗೆರೆಯನ್ನು ಮನುಷ್ಯರೇ ಎಳೆಯುತ್ತಾರೆ. ಗೆರೆ ಕೆಳಗೆ ಇಟ್ಟರೆ ಅಮಾಯಕರೂ ಸಿಕ್ಕಿಬೀಳುತ್ತಾರೆ. ಮೇಲೆ ಇಟ್ಟರೆ ಬೇಕಾದವನೇ ತಪ್ಪಿಸಿಕೊಳ್ಳುತ್ತಾನೆ. ಎರಡೂ ತಪ್ಪು ಒಟ್ಟಿಗೆ ಸೊನ್ನೆ ಆಗುವ ಗೆರೆ ಇಲ್ಲ.

ಅಂಗಳ ಪೂರ್ತಿ ಕಂಡರೆ ಮುಖ ಕಾಣುವುದಿಲ್ಲ

"ಒಂದೇ ಕ್ಯಾಮೆರಾದಲ್ಲಿ ಇಡೀ ಅಂಗಳ ಬರಬೇಕು" ಎಂದು ಹೇಳುವವರೇ ಹೆಚ್ಚು. ಸಮಸ್ಯೆ ಇರುವುದು ಅಲ್ಲೇ. ಮುಖ ಸ್ಪಷ್ಟವಾಗಬೇಕಾದರೆ ಆ ಮುಖದ ಮೇಲೆ ಸಾಕಷ್ಟು ಪಿಕ್ಸೆಲ್ ಬೀಳಬೇಕು. ಭದ್ರತಾ ಕ್ಯಾಮೆರಾಗಳ ಬಗ್ಗೆ ಯುರೋಪಿನಲ್ಲಿ ರೂಪಿಸಿದ, ಬೇರೆ ಕಡೆಯೂ ಬಳಕೆಯಲ್ಲಿರುವ ಒಂದು ಮಾನದಂಡ ಇದೆ. ಅದರಂತೆ ಒಂದು ಮೀಟರ್ ಅಗಲಕ್ಕೆ 25 ಪಿಕ್ಸೆಲ್ ಸಿಕ್ಕಿದರೆ ಅಲ್ಲಿ ಯಾರೋ ಇದ್ದಾರೆ ಎಂದು ತಿಳಿಯುತ್ತದೆ. ಸುಮಾರು 62 ಸಿಕ್ಕಿದರೆ ಬಟ್ಟೆಬರೆ, ಏನು ಮಾಡುತ್ತಿದ್ದಾರೆ ಎಂಬುದು ಕಾಣುತ್ತದೆ. 125 ಸಿಕ್ಕಿದರೆ ಮೊದಲೇ ಗೊತ್ತಿರುವವರನ್ನು ಗುರುತಿಸಬಹುದು. ಅಪರಿಚಿತನ ಗುರುತು ಖಚಿತ ಆಗಬೇಕಾದರೆ 250 ಬೇಕು.

ಇದನ್ನು ಊರಿನ ಲೆಕ್ಕಕ್ಕೆ ಇಳಿಸೋಣ. ಸಾಮಾನ್ಯ 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. ಅದನ್ನು 250ರಿಂದ ಭಾಗಿಸಿದರೆ ಏಳೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು. ಅಂದರೆ ಅದು ತೋರಿಸುವ ಜಾಗದ ಅಗಲ ಅಷ್ಟರೊಳಗೆ ಇದ್ದರೆ ಮಾತ್ರ ಅಪರಿಚಿತನ ಮುಖ ನಂಬುವ ಹಾಗೆ ಸಿಗುತ್ತದೆ. ಅದೇ ಕ್ಯಾಮೆರಾ 30 ಮೀಟರ್ ಅಗಲದ ಅಂಗಳ ತೋರಿಸಿದರೆ ಮೀಟರಿಗೆ ಸಿಗುವುದು 64 ಪಿಕ್ಸೆಲ್. ಕೆಂಪು ಅಂಗಿಯವ ಬೈಕ್ ತೆಗೆದುಕೊಂಡು ಹೋದ ಎಂದು ಗೊತ್ತಾಗುತ್ತದೆ, ಯಾರು ಎಂದು ಗೊತ್ತಾಗುವುದಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ದೊಡ್ಡದು ಮಾಡಿದರೂ ಇಲ್ಲದ ಪಿಕ್ಸೆಲ್ ಬರುವುದಿಲ್ಲ.

ಆದ್ದರಿಂದ ಭದ್ರತೆ ಬೇಕಾದ ಕಟ್ಟಡದಲ್ಲಿ ಕ್ಯಾಮೆರಾಗಳಿಗೆ ಕೆಲಸ ಹಂಚಬೇಕು. ಅಂಗಳಕ್ಕೆ ಅಗಲವಾಗಿ ಕಾಣುವ ಒಂದು. ಎಲ್ಲರೂ ಹಾದುಹೋಗಲೇಬೇಕಾದ ಬಾಗಿಲಿಗೆ, ಮುಖಕ್ಕೆ ಮಾತ್ರ ಇಟ್ಟ ಇನ್ನೊಂದು. ಬಾಗಿಲಿನ ಕ್ಯಾಮೆರಾವನ್ನು ಮಾಡಿನ ತುದಿಯಲ್ಲಿ ಸಿಕ್ಕಿಸಿದರೆ ಟೋಪಿಯ ನೆತ್ತಿ ಕಾಣುತ್ತದೆಯೇ ಹೊರತು ಮುಖ ಅಲ್ಲ. ಹೊರಗಿನ ಬಿಸಿಲಿಗೆ ಮುಖಮಾಡಿ ಇಟ್ಟರೆ ಒಳಗೆ ಬರುವವರ ಮುಖ ಕಪ್ಪಾಗುತ್ತದೆ. ಕಾರ್ಡ್ ತೋರಿಸಿ ತೆರೆಯುವ ಬಾಗಿಲು ಇರುವಲ್ಲಿ ಇನ್ನೊಂದು ತೊಂದರೆ. ಒಬ್ಬರು ಕಾರ್ಡ್ ತೋರಿಸಿದಾಗ ಅವರ ಹಿಂದೆಯೇ ಇನ್ನೊಬ್ಬರು ನುಸುಳುತ್ತಾರೆ. ದಾಖಲೆಯಲ್ಲಿ ಒಂದೇ ಹೆಸರು, ಒಳಗೆ ಹೋದವರು ಇಬ್ಬರು. ಕಾರ್ಡಿನ ಲೆಕ್ಕವನ್ನೂ ಕ್ಯಾಮೆರಾ ಚಿತ್ರವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಇದು ಸಿಗುತ್ತದೆ.

ಮುಖ ಸಿಗದಿದ್ದರೂ ಜಾಡು ಸಿಕ್ಕಿದ ಪ್ರಕರಣಗಳು

2020ರ ಜನವರಿ 20ರಂದು ಮಂಗಳೂರು ವಿಮಾನ ನಿಲ್ದಾಣದ ಬಳಿ ಅನಾಥವಾಗಿ ಬಿದ್ದಿದ್ದ ಬ್ಯಾಗಿನಲ್ಲಿ ಸ್ಫೋಟಕ ಸಿಕ್ಕಿತ್ತು. ಅದನ್ನು ಕೆಂಜಾರಿನ ಮೈದಾನಕ್ಕೆ ಒಯ್ದು ನಿಷ್ಕ್ರಿಯಗೊಳಿಸಿದ್ದು ಜಿಲ್ಲೆಯ ಜನರಿಗೆ ಇನ್ನೂ ನೆನಪಿದೆ. ಟೋಪಿ ಹಾಕಿದ್ದ ವ್ಯಕ್ತಿ, ಅವನು ಬಂದ ರಿಕ್ಷಾ, ಇವು ಸಿಸಿ ಕ್ಯಾಮೆರಾದಲ್ಲಿ ಸಿಕ್ಕಿದವು. ಪೊಲೀಸರು ಚಿತ್ರ ಬಿಡುಗಡೆ ಮಾಡಿದರು. ಜನವರಿ 22ಕ್ಕೆ ಆರೋಪಿ ಬೆಂಗಳೂರಿನಲ್ಲಿ ಶರಣಾದ. 2022ರಲ್ಲಿ ನ್ಯಾಯಾಲಯ 20 ವರ್ಷ ಶಿಕ್ಷೆ ವಿಧಿಸಿತು.

2024ರ ಮಾರ್ಚ್ 1ರ ಬೆಂಗಳೂರು ರಾಮೇಶ್ವರಂ ಕೆಫೆ ಸ್ಫೋಟದಲ್ಲಿ ಶಂಕಿತ ಟೋಪಿ, ಮಾಸ್ಕ್, ಕನ್ನಡಕ ಹಾಕಿದ್ದ. ಮುಖ ಪೂರ್ತಿ ಕಾಣಲೇ ಇಲ್ಲ. ಬಸ್ಸು, ರಸ್ತೆ, ಅಂಗಡಿಗಳ ಒಂದೊಂದೇ ಕ್ಯಾಮೆರಾದ ಚಿತ್ರ ಜೋಡಿಸಿ, ಆ ಟೋಪಿಯ ಜಾಡು ಹಿಡಿದು ತನಿಖೆ ಮುಂದೆ ಹೋಯಿತು. ಏಪ್ರಿಲ್ 12ರಂದು ಪಶ್ಚಿಮ ಬಂಗಾಳದಲ್ಲಿ ಬಂಧನವಾಯಿತು. ಹುಡುಕಿದ್ದು ಒಂದು ಮಾಂತ್ರಿಕ ಯಂತ್ರ ಅಲ್ಲ. ಹತ್ತಾರು ಸಾಧಾರಣ ಕ್ಯಾಮೆರಾಗಳು, ಮತ್ತೆ ದಿನಗಟ್ಟಲೆ ಕೂತು ನೋಡಿದ ಮನುಷ್ಯರು.

2025ರ ಜನವರಿ 17ರಂದು ಕೋಟೆಕಾರು ವ್ಯವಸಾಯ ಸೇವಾ ಸಹಕಾರಿ ಸಂಘದ ಕೆ.ಸಿ. ರೋಡ್ ಶಾಖೆಯಲ್ಲಿ ಹಾಡಹಗಲೇ ನಡೆದ ದರೋಡೆ ಇನ್ನೊಂದು ಪಾಠ ಹೇಳುತ್ತದೆ. ಮುಸುಕುಧಾರಿಗಳು ನುಗ್ಗಿದ ಹೊತ್ತಿನಲ್ಲಿ ಅಲ್ಲಿ ಸಿಸಿ ಕ್ಯಾಮೆರಾ ದುರಸ್ತಿ ನಡೆಯುತ್ತಿತ್ತು. ಒಳಗಿನ ದೃಶ್ಯ ಸಿಗದಿದ್ದಾಗ ಸಹಾಯಕ್ಕೆ ಬಂದದ್ದು ತಲಪಾಡಿ ಟೋಲ್‌ಗೇಟ್‌ನಂಥ ಹೊರಗಿನ ಕ್ಯಾಮೆರಾಗಳು, ಕಾರಿನ ಚಲನೆ. ಮೂರ್ನಾಲ್ಕು ದಿನಗಳಲ್ಲೇ ತಮಿಳುನಾಡಿನಲ್ಲಿ ಬಂಧನಗಳಾದವು. ಸೊಸೈಟಿಗಳು ಇದರಿಂದ ಕಲಿಯಬೇಕಾದದ್ದು ಸ್ಪಷ್ಟ. ದುರಸ್ತಿ ಮಾಡಿಸುವಾಗ ಎಲ್ಲವನ್ನೂ ಒಮ್ಮೆಗೇ ಬಿಚ್ಚಬಾರದು. ಕನಿಷ್ಠ ಬಾಗಿಲಿನದ್ದು, ಭದ್ರತಾ ಕೋಣೆಯದ್ದು ನಡೆಯುತ್ತಿರಬೇಕು. ಸಾಧ್ಯವಾದರೆ ವ್ಯವಹಾರದ ಹೊತ್ತು ಬಿಟ್ಟು ಕೆಲಸ ಮಾಡಿಸಬೇಕು.

ಹಾರ್ಡ್ ಡಿಸ್ಕ್ ತುಂಬಿದರೆ ಸಾಕ್ಷಿ ಅಳಿಸಿಹೋಗ್ತದೆ

ಕ್ಯಾಮೆರಾ ಹಾಕಿಸುವಾಗ ಎಷ್ಟು ಮೆಗಾಪಿಕ್ಸೆಲ್ ಎಂದು ಎಲ್ಲರೂ ಕೇಳುತ್ತಾರೆ. "ಬ್ಯಾಕಪ್ ಎಷ್ಟು ದಿನ ಬರ್ತದೆ?" ಎಂದು ಕೇಳುವವರು ಕಡಿಮೆ. ರೆಕಾರ್ಡರ್ ಪೆಟ್ಟಿಗೆಯಲ್ಲಿ ಡಿಸ್ಕ್ ತುಂಬಿದ ಕೂಡಲೇ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ. ಯಾರಿಗೂ ಹೇಳುವುದಿಲ್ಲ, ಕೇಳುವುದಿಲ್ಲ.

ಲೆಕ್ಕ ಹೀಗೆ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ದಿನವಿಡೀ ರೆಕಾರ್ಡ್ ಮಾಡಿದರೆ ದಿನಕ್ಕೆ ಸುಮಾರು 21.6 ಜಿಬಿ ಆಗುತ್ತದೆ. ಎಂಟು ಕ್ಯಾಮೆರಾಕ್ಕೆ ದಿನಕ್ಕೆ 173 ಜಿಬಿ. 2 ಟಿಬಿ ಡಿಸ್ಕ್ ಹಾಕಿದ್ದರೆ ಹನ್ನೊಂದೂವರೆ ದಿನಕ್ಕೆ ತುಂಬಿತು. ಹನ್ನೆರಡನೇ ದಿನ ಮೊದಲ ದಿನದ್ದು ಇಲ್ಲ. 30 ದಿನ ಉಳಿಯಬೇಕಾದರೆ 5 ಟಿಬಿಗಿಂತ ಹೆಚ್ಚು ಬೇಕು, ಅಂದರೆ 6 ಟಿಬಿ ಡಿಸ್ಕ್.

30 ದಿನ ಯಾಕೆ? ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳು) ಜಾರಿ ಕಾಯ್ದೆ, 2017ರ ಪ್ರಕಾರ ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ವಾಣಿಜ್ಯ ಸಂಸ್ಥೆ, ಆಸ್ಪತ್ರೆ, ವಿದ್ಯಾಸಂಸ್ಥೆ, ಧಾರ್ಮಿಕ ಸ್ಥಳ ಮುಂತಾದವು ಸಿಸಿ ಕ್ಯಾಮೆರಾ ಹಾಕಬೇಕು, ದೃಶ್ಯವನ್ನು 30 ದಿನ ಇಟ್ಟುಕೊಂಡಿರಬೇಕು, ಪೊಲೀಸರು ಕೇಳಿದಾಗ ಕೊಡಬೇಕು. ಬೇರೆ ಬೇರೆ ಜಾಗಕ್ಕೆ ಅವಧಿ ಬೇರೆ ಬೇರೆ ಇದೆ.

ಬ್ಯಾಂಕ್ ಲಾಕರ್: ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಹೊರಡಿಸಿದ, 2022ರ ಜನವರಿ 1ರಿಂದ ಜಾರಿಯಾದ ನಿಯಮದಂತೆ ಲಾಕರ್ ಕೋಣೆಗೆ ಹೋಗುವ ಬರುವ ದಾರಿಯಲ್ಲಿ ಕ್ಯಾಮೆರಾ ಇರಬೇಕು, ಕನಿಷ್ಠ 180 ದಿನದ ದೃಶ್ಯ ಉಳಿಸಬೇಕು. ತನಗೆ ಗೊತ್ತಿಲ್ಲದೆ ಲಾಕರ್ ತೆರೆದಿದ್ದಾರೆ, ಕಳ್ಳತನ ಆಗಿದೆ ಎಂದು ಗ್ರಾಹಕ ದೂರು ಕೊಟ್ಟರೆ ತನಿಖೆ ಮುಗಿದು ವಿವಾದ ಇತ್ಯರ್ಥ ಆಗುವವರೆಗೆ ಅಳಿಸುವಂತಿಲ್ಲ. ವರ್ಷಕ್ಕೊಮ್ಮೆ ಮದುವೆ ಸಮಯದಲ್ಲಿ ಮಾತ್ರ ಲಾಕರ್ ತೆರೆಯುವ ಮನೆಗಳು ನಮ್ಮಲ್ಲಿ ಬಹಳ. ಆರು ತಿಂಗಳ ಈ ಗಡುವು ಅಂಥವರ ತಲೆಯಲ್ಲಿ ಇರಬೇಕು. ಈ ನಿಯಮ ರಿಸರ್ವ್ ಬ್ಯಾಂಕ್ ವ್ಯಾಪ್ತಿಯ ಬ್ಯಾಂಕ್‌ಗಳಿಗೆ. ಸೊಸೈಟಿಯಲ್ಲಿ ಚಿನ್ನ ಇಟ್ಟವರು ಅಲ್ಲಿನ ವ್ಯವಸ್ಥೆ ಏನು, ಎಷ್ಟು ದಿನದ ದಾಖಲೆ ಇಡುತ್ತಾರೆ ಎಂದು ಮಹಾಸಭೆಯಲ್ಲೇ ಕೇಳಬಹುದು.

ಪೊಲೀಸ್ ಠಾಣೆ: ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ದೇಶದ ಎಲ್ಲ ಠಾಣೆಗಳಲ್ಲಿ ಕ್ಯಾಮೆರಾ ಕಡ್ಡಾಯ ಮಾಡಿತು. ಮುಖ್ಯ ಗೇಟು, ಲಾಕಪ್, ಓಣಿ, ಸ್ವಾಗತ ಕೊಠಡಿ ಎಲ್ಲವೂ ಬರಬೇಕು. ರಾತ್ರಿಯೂ ಕಾಣಬೇಕು, ಮಾತೂ ಕೇಳಬೇಕು. ದಾಖಲೆ 18 ತಿಂಗಳು ಉಳಿಯಬೇಕು, ಅಂಥ ಸಲಕರಣೆ ಸಿಗದಿದ್ದರೆ ಕನಿಷ್ಠ ಒಂದು ವರ್ಷ. ಠಾಣೆಯಲ್ಲಿ ದೌರ್ಜನ್ಯ ಆಯಿತು ಎಂದು ಹೇಳುವವರಿಗೂ, ಆಗಿಲ್ಲ ಎಂದು ಹೇಳುವ ಪೊಲೀಸರಿಗೂ ಇದೇ ಸಾಕ್ಷಿ. ದೂರು ಹೋದರೆ ಮಾನವ ಹಕ್ಕು ಆಯೋಗ ಆ ದೃಶ್ಯ ತರಿಸಿಕೊಳ್ಳಬಹುದು.

ಮತಯಂತ್ರದ ಸ್ಟ್ರಾಂಗ್ ರೂಮ್: 2024ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಕನ್ನಡದ ಮತದಾನ ಏಪ್ರಿಲ್ 26ಕ್ಕೆ, ಸುರತ್ಕಲ್ ಎನ್‌ಐಟಿಕೆಯಲ್ಲಿ ಎಣಿಕೆ ಜೂನ್ 4ಕ್ಕೆ. ನಡುವೆ 39 ದಿನ. ಮತಯಂತ್ರಗಳಿಗೆ ಬೀಗ, ಮುದ್ರೆ, ಪಹರೆ, ಜೊತೆಗೆ 24 ಗಂಟೆಯೂ ಕ್ಯಾಮೆರಾ. ಅಭ್ಯರ್ಥಿಗಳ ಕಡೆಯವರು ಪರದೆಯಲ್ಲಿ ನೋಡುತ್ತಾ ಕೂರಬಹುದು. ಇಂಥ ಕಡೆ 30 ದಿನದ ಡಿಸ್ಕ್ ಸಾಕಾಗುವುದಿಲ್ಲ ಎಂಬುದು ಲೆಕ್ಕದಿಂದಲೇ ಗೊತ್ತಾಗುತ್ತದೆ. ಅದೇ ಏಪ್ರಿಲ್‌ನಲ್ಲಿ ತಮಿಳುನಾಡಿನ ನೀಲಗಿರಿಯಲ್ಲಿ ಸ್ಟ್ರಾಂಗ್ ರೂಮ್ ಕ್ಯಾಮೆರಾಗಳ ಪರದೆ ಸುಮಾರು 20 ನಿಮಿಷ ಕಪ್ಪಾದಾಗ ದೇಶವಿಡೀ ಸುದ್ದಿಯಾಯಿತು. ತಾಂತ್ರಿಕ ತೊಂದರೆ ಎಂದು ಅಧಿಕಾರಿಗಳು ವಿವರಣೆ ಕೊಡಬೇಕಾಯಿತು. ಕ್ಯಾಮೆರಾ ಇದ್ದ ಕಡೆ ಕ್ಯಾಮೆರಾ ಆರಿದರೆ, ಏನೂ ಆಗದಿದ್ದರೂ ಸಂಶಯ ಹುಟ್ಟುತ್ತದೆ.

ಜನಸಂದಣಿಯಲ್ಲಿ: ಎಣಿಸುವುದು ಬೇರೆ, ಹೆಸರು ಹಿಡಿಯುವುದು ಬೇರೆ

ಧರ್ಮಸ್ಥಳದಲ್ಲಿ 2025ರ ಜನವರಿ 7ರಂದು ಆಗಿನ ಉಪರಾಷ್ಟ್ರಪತಿ ಜಗದೀಪ್ ಧನಕರ್ 'ಶ್ರೀ ಸಾನ್ನಿಧ್ಯ' ಸರತಿ ಸಾಲಿನ ಸಂಕೀರ್ಣ ಉದ್ಘಾಟಿಸಿದರು. ಸುಮಾರು 2.75 ಲಕ್ಷ ಚದರ ಅಡಿಯ ಕಟ್ಟಡ. ಇಷ್ಟು ದೊಡ್ಡ ಜಾಗದಲ್ಲಿ, ಲಕ್ಷದೀಪೋತ್ಸವದಂಥ ದಿನ, ಯಾವ ಹಾಲ್ ತುಂಬಿದೆ, ಯಾವುದು ಖಾಲಿ, ಎಲ್ಲಿ ನೂಕುನುಗ್ಗಲು ಆಗುವ ಹಾಗಿದೆ ಎಂಬುದು ತಕ್ಷಣ ಗೊತ್ತಾಗುವುದು ಜೀವದ ಪ್ರಶ್ನೆ. ಕ್ಯಾಮೆರಾ ತಲೆ ಎಣಿಸಿದರೆ ಅದಕ್ಕೆ ಸಾಕು. ಯಾರ ಹೆಸರೂ ಬೇಕಾಗಿಲ್ಲ.

ತಿರುಮಲದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಟೋಕನ್ ಮತ್ತು ಕೊಠಡಿ ಹಂಚಿಕೆಯಲ್ಲಿ ಒಬ್ಬರೇ ಮತ್ತೆ ಮತ್ತೆ ಪಡೆಯುವುದನ್ನು, ದಲ್ಲಾಳಿಗಳನ್ನು ತಡೆಯಲು 2023ರ ಮಾರ್ಚ್‌ನಿಂದ ಮುಖ ಗುರುತಿಸುವ ವ್ಯವಸ್ಥೆ ಬಂತು. ಕೊಠಡಿ ಪಡೆದವರೇ ಬಂದು ಮುಖ ತೋರಿಸಿದರೆ ಠೇವಣಿ ವಾಪಸ್. ಇದು "ಅವರೇ ಹೌದಾ?" ಎಂಬ ಸುಲಭ ಪ್ರಶ್ನೆ.

ಆದರೆ ಜನರಾಶಿಯಲ್ಲಿ ಬೇಕಾದ ಆರೋಪಿಯನ್ನು ಹುಡುಕುವುದು ಹಾಗಲ್ಲ. ಉದಾಹರಣೆಗೆ ಒಂದು ಯಂತ್ರ ಸಾವಿರ ಹೋಲಿಕೆಗೆ ಒಂದು ಸಲ ಮಾತ್ರ ತಪ್ಪಾಗಿ "ಇವನೇ" ಎನ್ನುತ್ತದೆ ಎಂದುಕೊಳ್ಳಿ. ಕೇಳಲು ಬಹಳ ಒಳ್ಳೆಯದಾಗಿಯೇ ಇದೆ. ದಿನಕ್ಕೆ 20,000 ಜನ ಹಾದುಹೋದರು, ಪಟ್ಟಿಯಲ್ಲಿ ಒಬ್ಬನೇ ಆರೋಪಿ ಇದ್ದಾನೆ ಎಂದರೆ 20 ಅಮಾಯಕರ ಮೇಲೆ ಗಂಟೆ ಬಾರಿಸುತ್ತದೆ. ಪಟ್ಟಿಯಲ್ಲಿ 50 ಮುಖ ಇದ್ದರೆ ಹೋಲಿಕೆ 10 ಲಕ್ಷ, ತಪ್ಪು ಗಂಟೆ ಸಾವಿರ. ನಿಜವಾದ ಆರೋಪಿ ಆ ದಿನ ಬಂದೇ ಇರಲಿಕ್ಕಿಲ್ಲ. ಸಾವಿರ ಸಲ ಸುಳ್ಳು ಕೂಗಿದ ಯಂತ್ರವನ್ನು ಸಿಬ್ಬಂದಿ ಮೂರನೇ ದಿನಕ್ಕೆ ನೋಡುವುದೇ ಬಿಡುತ್ತಾರೆ.

ತಪ್ಪು ಎಲ್ಲರ ಮೇಲೂ ಸಮನಾಗಿ ಬೀಳುವುದೂ ಇಲ್ಲ. ಅಮೆರಿಕದ ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಮುಖ ನೋಡಿ ಗಂಡು ಹೆಣ್ಣು ಹೇಳುವ ಮೂರು ದೊಡ್ಡ ಕಂಪನಿಗಳ ಸಾಫ್ಟ್‌ವೇರ್ ಪರೀಕ್ಷಿಸಿದರು. ಬಿಳಿಚರ್ಮದ ಪುರುಷರಲ್ಲಿ ತಪ್ಪು ಶೇ 1ಕ್ಕಿಂತ ಕಡಿಮೆ ಇದ್ದರೆ, ಕಪ್ಪುಚರ್ಮದ ಮಹಿಳೆಯರಲ್ಲಿ ಶೇ 34ರವರೆಗೂ ಹೋಗಿತ್ತು. ಯಂತ್ರಕ್ಕೆ ಕಲಿಸುವಾಗ ಯಾರ ಫೋಟೋ ಹೆಚ್ಚು ತೋರಿಸಿದರು ಎಂಬುದು ದೊಡ್ಡ ಕಾರಣ. ಡೆಟ್ರಾಯಿಟ್‌ನಲ್ಲಿ 2020ರ ಜನವರಿಯಲ್ಲಿ ಮುಖ ಹೋಲಿಕೆಯ ತಪ್ಪಿನಿಂದ ಒಬ್ಬರನ್ನು ಮನೆಯೆದುರೇ, ಹೆಂಡತಿ ಮಕ್ಕಳ ಕಣ್ಣೆದುರೇ ಬಂಧಿಸಿ, ಸುಮಾರು 30 ಗಂಟೆ ಕೂಡಿಹಾಕಿದರು. ಅಂಗಡಿಯ ವಾಚು ಕದ್ದದ್ದು ಅವರಾಗಿರಲಿಲ್ಲ. 2024ರಲ್ಲಿ ಆದ ರಾಜಿಯಲ್ಲಿ, ಯಂತ್ರದ ಹೋಲಿಕೆ ಒಂದನ್ನೇ ನಂಬಿ ಬಂಧಿಸುವಂತಿಲ್ಲ ಎಂದು ಅಲ್ಲಿನ ಪೊಲೀಸರು ಒಪ್ಪಬೇಕಾಯಿತು. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮಸುಕಾದ ಸಿಸಿಟಿವಿ ತುಣುಕು ಹಾಕಿ "ಇವನೇ ಕಳ್ಳ, ಶೇರ್ ಮಾಡಿ" ಎನ್ನುವವರೂ ಇದನ್ನು ನೆನಪಿಡಬೇಕು. ಅಲ್ಲಿ ಗೆರೆ ಎಳೆಯಲು ಯಂತ್ರವೂ ಇಲ್ಲ.

ಖಾಸಗಿತನಕ್ಕೆ ಕಾನೂನು ಏನು ಹೇಳುತ್ತದೆ?

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮ ಪ್ರಕಟವಾಗಿ ಹಂತಹಂತವಾಗಿ ಜಾರಿಯಾಗುತ್ತಿದೆ. ಶೌಚಾಲಯ, ಬಟ್ಟೆ ಬದಲಿಸುವ ಕೋಣೆಯಂಥ ಕಡೆ ಒಪ್ಪಿಗೆಯಿಲ್ಲದೆ ದೇಹದ ಖಾಸಗಿ ಭಾಗದ ಚಿತ್ರ ತೆಗೆಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನ ಅಡಿ ಅಪರಾಧ. ಮೂರು ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಹಾಸ್ಟೆಲ್, ವಸತಿಗೃಹ ನಡೆಸುವವರು ಗಮನಿಸಬೇಕು.

ಮುಖದ ವಿಷಯದಲ್ಲಿ ಎಚ್ಚರ ಯಾಕೆ ಹೆಚ್ಚು ಬೇಕು ಎಂದರೆ, ಎಟಿಎಂ ಪಿನ್ ಸೋರಿದರೆ ಬದಲಾಯಿಸಬಹುದು, ಮುಖ ಬದಲಾಯಿಸಲಿಕ್ಕೆ ಆಗುವುದಿಲ್ಲ. ಶಾಲೆ, ಕಾಲೇಜು, ಕಚೇರಿ ಹಾಜರಿಗಾಗಿ ಮುಖ ತೆಗೆದುಕೊಳ್ಳುವಾಗ ನಾಲ್ಕು ಪ್ರಶ್ನೆ ಕೇಳುವ ಹಕ್ಕು ಪೋಷಕರಿಗೂ ನೌಕರರಿಗೂ ಇದೆ. ಯಾಕೆ ತೆಗೆದುಕೊಳ್ಳುತ್ತೀರಿ? ಎಲ್ಲಿ ಇಡುತ್ತೀರಿ? ಯಾರು ನೋಡಬಹುದು? ಬಿಟ್ಟುಹೋದ ಮೇಲೆ ಅಳಿಸುತ್ತೀರಾ?

ಕ್ಯಾಮೆರಾಕ್ಕೇ ಕಾವಲು ಬೇಕು. ಪೆಟ್ಟಿಗೆ ಬಂದಾಗ ಇದ್ದ ಪಾಸ್‌ವರ್ಡನ್ನೇ ಬಿಟ್ಟರೆ ಇಂಟರ್‌ನೆಟ್ ಮೂಲಕ ಯಾರೋ ಎಲ್ಲಿಂದಲೋ ಒಳಗಿನದ್ದನ್ನೆಲ್ಲ ನೋಡಬಹುದು. ಇದೇ ಕಾರಣಕ್ಕೆ ಕೇಂದ್ರ ಸರ್ಕಾರ 2025ರ ಏಪ್ರಿಲ್ 9ರಿಂದ ಸಿಸಿ ಕ್ಯಾಮೆರಾ ಮಾರುವ ಮೊದಲು ಸರ್ಕಾರಿ ಮಾನ್ಯತೆಯ ಪ್ರಯೋಗಾಲಯದಲ್ಲಿ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿದೆ. ಹೊಸದು ಕೊಳ್ಳುವಾಗ ಆ ಪ್ರಮಾಣಪತ್ರ ಇದೆಯಾ ಎಂದು ಕೇಳಿಯೇ ಕೊಳ್ಳಬೇಕು.

ಘಟನೆ ಆದ ಮೇಲೆ ಏನು ಮಾಡಬೇಕು?

ಮೊದಲ ಕೆಲಸ, ದೃಶ್ಯ ಅಳಿಸಿಹೋಗುವ ಮೊದಲೇ ಉಳಿಸುವುದು. ಕಳ್ಳತನ, ಅಪಘಾತ, ನಾಪತ್ತೆ ಏನೇ ಇರಲಿ, 112ಕ್ಕೆ ಅಥವಾ ಠಾಣೆಗೆ ತಿಳಿಸುವಾಗಲೇ ದಾರಿಯಲ್ಲಿ ಯಾವ ಯಾವ ಅಂಗಡಿ, ಬ್ಯಾಂಕ್, ಪೆಟ್ರೋಲ್ ಬಂಕ್ ಕ್ಯಾಮೆರಾ ಇದೆ ಎಂದು ಪಟ್ಟಿ ಕೊಡಬೇಕು. ಆ ಮಾಲೀಕರಿಗೂ ದಿನಾಂಕ, ಸಮಯ ಬರೆದು "ಇಷ್ಟನ್ನು ಅಳಿಸಬೇಡಿ" ಎಂದು ಲಿಖಿತವಾಗಿ ಕೊಡುವುದು ಒಳ್ಳೆಯದು.

ಎರಡನೆಯದು ಗಡಿಯಾರ. ಎಷ್ಟೋ ರೆಕಾರ್ಡರ್‌ಗಳ ಸಮಯ ಹತ್ತು ನಿಮಿಷವೋ ಒಂದು ಗಂಟೆಯೋ ಹಿಂದೆ ಮುಂದೆ ಇರುತ್ತದೆ. ಪ್ರತಿ ತೆಗೆಯುವ ಮೊದಲು ಪರದೆಯ ಸಮಯವನ್ನೂ ಮೊಬೈಲಿನ ಸಮಯವನ್ನೂ ಒಟ್ಟಿಗೆ ಬರೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ನ್ಯಾಯಾಲಯದಲ್ಲಿ "ಆ ಹೊತ್ತಿಗೆ ನಾನು ಅಲ್ಲಿರಲೇ ಇಲ್ಲ" ಎಂಬ ವಾದಕ್ಕೆ ದಾರಿಯಾಗುತ್ತದೆ.

ಮೂರನೆಯದು ಪ್ರಮಾಣಪತ್ರ. ಪರದೆಯನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರೆ ಸಾಲದು, ಮೂಲ ಫೈಲ್ ಬೇಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ಪ್ರತಿಯ ಜೊತೆ ಪ್ರಮಾಣಪತ್ರ ಇರಬೇಕು. ಒಂದು ಭಾಗಕ್ಕೆ ಯಂತ್ರ ನೋಡಿಕೊಳ್ಳುವವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಅದರಲ್ಲಿ ಫೈಲಿನ ಹ್ಯಾಶ್ ಸಂಖ್ಯೆ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಇದ್ದ ಹಾಗೆ. ಒಳಗೆ ಒಂದು ಚುಕ್ಕಿ ಬದಲಾದರೂ ಸಂಖ್ಯೆ ಬದಲಾಗುತ್ತದೆ, ತಿದ್ದಿದ್ದು ಗೊತ್ತಾಗುತ್ತದೆ.

ಮಳೆಗಾಲಕ್ಕೆ ಮುಂಚೆ ಒಂದು ದಿನ

ಇಷ್ಟೆಲ್ಲ ಇದ್ದರೂ ನಮ್ಮೂರಿನಲ್ಲಿ ಕ್ಯಾಮೆರಾಗಳನ್ನು ಕೆಡಿಸುವುದು ಹೆಚ್ಚಾಗಿ ಕಳ್ಳರಲ್ಲ, ಸಿಡಿಲು, ತೇವ, ಜೇಡರಬಲೆ ಮತ್ತು ಕರೆಂಟು. ರಾತ್ರಿ ಕ್ಯಾಮೆರಾದ ಕಣ್ಣಿನ ಬೆಳಕಿಗೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ, ಬಲೆಗೆ ಬೆಳಕು ಬಿದ್ದು ಚಿತ್ರ ಪೂರ್ತಿ ಬೆಳ್ಳಗೆ. ಗಾಜಿನ ಒಳಗೆ ತೇವ ಕೂತರೆ ಮಂಜು ಮುಸುಕಿದ ಹಾಗೆ. ಕರೆಂಟು ಹೋದಾಗ ರೆಕಾರ್ಡರಿಗೆ ಇನ್ವರ್ಟರ್ ಸಂಪರ್ಕ ಇಲ್ಲದಿದ್ದರೆ ಆ ಹೊತ್ತಿನದ್ದು ಇಲ್ಲವೇ ಇಲ್ಲ.

ಹಾಗಾಗಿ ಪತ್ತನಾಜೆಯ ಆಸುಪಾಸಿನಲ್ಲಿ ವರ್ಷಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಹತ್ತು ನಿಮಿಷದ ಪರೀಕ್ಷೆ ಸಾಕು. ಬಾಗಿಲಲ್ಲಿ ಒಬ್ಬರನ್ನು ನಿಲ್ಲಿಸಿ, ಪರದೆಯಲ್ಲಿ ಅವರ ಮುಖ ಪರಿಚಯ ಇಲ್ಲದವರಿಗೂ ಗುರುತು ಸಿಗುತ್ತದಾ ನೋಡಿ. ರಾತ್ರಿಯೂ ಒಮ್ಮೆ ನೋಡಿ. ರೆಕಾರ್ಡರಿನಲ್ಲಿ 29 ದಿನ ಹಿಂದಿನ ದಿನಾಂಕ ಹಾಕಿ, ದೃಶ್ಯ ಬರುತ್ತದಾ ನೋಡಿ. ಗಡಿಯಾರ ಸರಿ ಇದೆಯಾ ನೋಡಿ. ಕರೆಂಟು ಸ್ವಿಚ್ ಆಫ್ ಮಾಡಿ, ರೆಕಾರ್ಡಿಂಗ್ ನಡೆಯುತ್ತಿದೆಯಾ ನೋಡಿ.

ಬಜೆಟ್ ದಿನ ವಿಧಾನಸಭೆಯಲ್ಲಿ ಅಪರಿಚಿತನನ್ನು ಹಿಡಿದುಕೊಟ್ಟದ್ದು ಪಕ್ಕದವರ ಮುಖ ಗಮನಿಸಿದ ಒಬ್ಬ ಶಾಸಕರು. ಈಗ ಬಾಗಿಲಲ್ಲಿ ಎಐ ಕ್ಯಾಮೆರಾ ಇದ್ದರೂ ಮಾರ್ಷಲ್‌ಗಳ ಕೆಲಸ ಹೋಗಿಲ್ಲ. ಊರಿನ ಸೊಸೈಟಿಯಲ್ಲೂ ಅಷ್ಟೇ. ಬಾಗಿಲಲ್ಲಿ "ಯಾರು ಬೇಕಿತ್ತು, ಏನಾಗಬೇಕಿತ್ತು?" ಎಂದು ಕೇಳುವ ಒಬ್ಬರು, ಅವರ ತಲೆಯ ಮೇಲೆ ಸರಿಯಾದ ಎತ್ತರದಲ್ಲಿ ಒಂದು ಕ್ಯಾಮೆರಾ, ಒಳಗೆ 30 ದಿನ ತಡೆಯುವ ಡಿಸ್ಕ್ ಇರಬೇಕು. ಈ ಮೂರರಲ್ಲಿ ಯಾವುದು ಇಲ್ಲ ಎಂದು ಮುಂದಿನ ಮಹಾಸಭೆಯಲ್ಲಿ ಸದಸ್ಯರೇ ಕೇಳಿ ತಿಳಿದುಕೊಳ್ಳಬಹುದು.